ಇಪ್ಪತ್ತು ಡಿಗ್ರಿ

ಒಂಬತ್ತಾದರೂ ಬೆಳಕು ಹರಿಯದ ಜನವರಿ. ರೌಮಾದ ಶಾಲೆ.
ಲ್ಯಾಬಿನ ಹೀಟರು ಆರಿಸಿ, ಬೇಕೆಂದೇ ಕಿಟಕಿ ತೆರೆದಿಟ್ಟು
ತಾವೆತ್ತಿ ಮೇಷ್ಟ್ರು ಅಂದರು:
ಕೋಟು ಬಿಚ್ಚಬೇಡಿ, ಇವತ್ತಿನ ಪಾಠಕ್ಕೆ ಚಳಿ ಬೇಕು.

ಸೀಸೆಯಿಂದ ಹೊರಬಿದ್ದದ್ದು ಹಾಲುಹಲ್ಲಿನಷ್ಟು ಒಂದು ಚೂರು,
ಬೆಳ್ಳಿ ಅನ್ನಲು ತುಸು ಕಡಿಮೆ ಬೀಳುವ ಬಿಳುಪು.
ಗ್ಯಾಡೋಲಿನಿಯಂ.
ತೆಂಕಣ ತುರ್ಕುವಿನ ಪಂಡಿತನೊಬ್ಬನ ಮನೆತನದ ಹೆಸರಂತೆ,
ಅಷ್ಟು ಹತ್ತಿರದ್ದಾದರೂ ನಮ್ಮ ನಾಲಗೆಗೆ ಹೊರಳಲಿಲ್ಲ.
ಅಯಸ್ಕಾಂತ ಕಂಡದ್ದೇ ತಡ, ಟಕ್ ಅಂತ ಹೋಗಿ ಕಚ್ಚಿತು.

"ಐಲಿ, ಮುಷ್ಟಿಯಲ್ಲಿ ಹಿಡಿ. ನೂರು ಎಣಿಸು."
ಎಣಿಸಿದೆ. ಎಪ್ಪತ್ತರ ಬಳಿ ತಪ್ಪಿ ಮತ್ತೆ ಮೊದಲಿಂದ ಎಣಿಸಿದೆ.
ಬೆರಳು ಬಿಚ್ಚಿದರೆ ಅದೇ ಚೂರು, ಅದೇ ಅಯಸ್ಕಾಂತ,
ತುಸು ಎಳೆದಂತೆ ಮಾಡಿ
ಕೈಬಿಟ್ಟಿತು.

"ಇಪ್ಪತ್ತು ಡಿಗ್ರಿ ಇದರ ಗಡಿ.
ಈಚೆಗೆ ಊರಿಗೆ ಊರೇ ಒಂದು ದಿಕ್ಕಿಗೆ ಮುಖ ಮಾಡಿರುತ್ತದೆ,
ಆಚೆಗೆ ಯಾರ ಮಾತೂ ಯಾರಿಗೂ ಕೇಳಿಸದು."

ಇದರಿಂದ ಏನು ಉಪಯೋಗ, ಕೇಳಿದ ಹಿಂದಿನ ಬೆಂಚಿನ ಓಸ್ಮೊ.
ಮೇಷ್ಟ್ರು ಕಿಟಕಿಯಾಚೆ ತೋರಿಸಿದರು, ದ್ವೀಪದ ಅಣುಸ್ಥಾವರದ ದಿಕ್ಕು:
"ಅಲ್ಲಿ ಯುರೇನಿಯಂ ಗುಳಿಗೆಗೆ ಇದನ್ನು ಚಿಟಿಕೆ ಬೆರೆಸುತ್ತಾರೆ.
ನ್ಯೂಟ್ರಾನು ನುಂಗುವುದರಲ್ಲಿ ಇಷ್ಟು ಹೊಟ್ಟೆಬಾಕ ಬೇರಿಲ್ಲ.
ಹೊಸ ಇಂಧನದ ಸೊಕ್ಕು ತಿನ್ನುತ್ತ, ತಿನ್ನುತ್ತ, ತಾನೇ ಸವೆದುಹೋಗುತ್ತದೆ."
ಓಸ್ಮೊ ಈಗ ಅಲ್ಲೇ ವೆಲ್ಡರ್.

ನಾನು ಪೊರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಎಂಆರ್‌ಐ ಯಂತ್ರದ ಕಾವಲು.
ಬೆಲ್ಟು, ಗಡಿಯಾರ, ಬೀಗದಕೈ, ಎಲ್ಲ ತಟ್ಟೆಗೆ ಹಾಕಿ ಅಂದೆ.
ಫಾರಮ್ಮಿನಲ್ಲಿ ವಯಸ್ಸು ಎಂಬತ್ತೆರಡು, ಮೂತ್ರಪಿಂಡ ಪರವಾಗಿಲ್ಲ,
ಅಕ್ಷರ ಕರಿಹಲಗೆಯ ಮೇಲಿನದೇ.

"ಸೂಜಿಯಲ್ಲಿ ಏನು?"
ನಿಮ್ಮದೇ ಮೇಷ್ಟ್ರೇ, ಅಂದೆ. ಪಂಜರದಲ್ಲಿ ಕೂಡಿಟ್ಟದ್ದು.
ಬಿಡಿಯಾಗಿ ಬಿಟ್ಟರೆ ಸುಣ್ಣದಂಶದ ಪೀಠಕ್ಕೇ ನುಗ್ಗುವ ವಿಷ.
"ನನ್ನೊಳಗೆ ಮೂವತ್ತೇಳು ಡಿಗ್ರಿ ಕಣೇ. ಅಂಟೀತೆ?"
ಅಂಟುವುದಿಲ್ಲ. ಏಳು ಒಂಟಿ ಎಲೆಕ್ಟ್ರಾನು ಇವೆಯಲ್ಲ,
ದಾರಿ ತಪ್ಪಿಸಿದ ನೀರಿನ ಕಣಗಳನ್ನು
ಹೊತ್ತಾಯ್ತು, ಮನೆಗೆ ನಡೆಯಿರಿ ಎಂದು ಗದರಿಸುತ್ತವೆ ಅಷ್ಟೆ.
ನಕ್ಕರು. ಯಂತ್ರ ಒಳಕ್ಕೆ ಎಳೆದುಕೊಂಡಿತು.

ಪರದೆಯ ಬೂದಿಯಲ್ಲಿ, ಎಡಕಿವಿಯ ಮೇಲೆ
ಕಾಡುಹಣ್ಣಿನಷ್ಟು ಒಂದು ಬಿಳಿ ಬೆಳಗಿತು.
ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.
"ಚಿತ್ರ ಹೇಗೆ ಬಂತು?"
ಸ್ಪಷ್ಟವಾಗಿ ಬಂದಿದೆ.
ಉತ್ತರಪತ್ರಿಕೆ ನೋಡುವ ಹಾಗೆ ನನ್ನ ಮುಖ ನೋಡಿದರು,
ಬೆಲ್ಟು ಕಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.
ತುಂಬ ನೀರು ಕುಡಿಯಿರಿ, ಅಂದೆ.

ನಾಳೆಯೊಳಗೆ ಅದು ಅವರನ್ನು ದಾಟಿ, ಊರ ಚರಂಡಿ ದಾಟಿ,
ಯಾವ ಜರಡಿಗೂ ಸಿಗದೆ ನದಿ ಸೇರುತ್ತದೆ.
ಸಂಜೆ ಸೇತುವೆಯ ಮೇಲೆ ಸೈಕಲ್ಲು ನಿಲ್ಲಿಸಿದೆ.
ಮಂಜುಗಡ್ಡೆಯಡಿ ನೀರಿಗೆ ಒಂದು ಡಿಗ್ರಿಯೂ ಇದ್ದೀತೋ ಇಲ್ಲವೋ.
ಬೇಕಾದ ಚಳಿಯೆಲ್ಲ ಇದೆ.
ಪಂಜರಕ್ಕೊಂದೊಂದರಂತೆ ತೇಲಿ ಹೋಗುವವಕ್ಕೆ
ಸಾಲು ನಿಲ್ಲಲು ಪಕ್ಕದಲ್ಲಿ ಯಾರೂ ಇಲ್ಲ.