ಗಡುವು

ಮಾರ್ಚ್ ಬಂದರೆ ನಮ್ಮಲ್ಲಿ ತರಗತಿ ಶುರು.
ತರಗತಿ ಎಂದರೆ ನನ್ನ ಅಡುಗೆಮನೆ:
ಸೌದೆ ಒಲೆಯ ಪಕ್ಕ ಮೇಜು,
ಆಲೂಗಡ್ಡೆ ಬುಟ್ಟಿಗೆ ಒರಗಿಸಿಟ್ಟ ಕ್ಯಾಮೆರಾ.
ಚಿಲೊಯೆ ದ್ವೀಪ. ಕಿಟಕಿಯಾಚೆ ಕಾಲುವೆಯಗಲದ ಕಡಲು,
ಕಡಲಲ್ಲಿ ಸಾಲ್ಮನ್ ಸಾಕುವ ಪಂಜರಗಳು.

ಪಾಠ ಆರು ನಿಮಿಷ ಮೀರಬಾರದು ಅಂದಿದ್ದರು
ಸ್ಯಾಂಟಿಯಾಗೊದಿಂದ ಬಂದ ತರಬೇತಿಯವರು.
ಸರಾಸರಿಗೆ ಆರು, ಮಧ್ಯಾಂಕಕ್ಕೆ ಆರು,
ವಿಚಲನೆಗೆ ಮಾತ್ರ ಹನ್ನೊಂದಾಯಿತು.
ನಡುವೆ ಕೋಳಿ ಒಳನುಗ್ಗಿತ್ತು,
ಕತ್ತರಿಸಲು ನನಗೆ ಬರಲಿಲ್ಲ.
ಕೋಳಿಯನ್ನಲ್ಲ, ವಿಡಿಯೊವನ್ನು.

ಮೂವತ್ತನಾಲ್ಕು ಹೆಸರು, ಮೂವತ್ತನಾಲ್ಕು ಬೂದು ಚೌಕ.
‘ಅರ್ಥವಾಯಿತೇ?’ ಎಂದು ಕೇಳಿ ಹತ್ತು ಎಣಿಸುತ್ತೇನೆ.
ಏಳಕ್ಕೆ ಯಾರೋ ಹೆಬ್ಬೆರಳು ಎತ್ತುತ್ತಾರೆ.
ಅಷ್ಟು ಸಾಕು;
ಬಾವಿಗೆ ಬಿಟ್ಟ ಬಿಂದಿಗೆ ನೀರು ಮುಟ್ಟಿದ ಸದ್ದು.

ಉಲಿಸೆಸ್ ಕೊಲಿವೊರೊ ಹತ್ತೊಂಬತ್ತು ದಿನ ಪತ್ತೆಯಿಲ್ಲ.
ಪರದೆ ಅವನ ಹೆಸರಿಗೆ ಕೆಂಪು ಬಳಿಯಿತು,
ತಾನಾಗಿಯೇ ಒಂದು ಪತ್ರ ಕಳಿಸಿತು:
‘ಪ್ರಿಯ ವಿದ್ಯಾರ್ಥಿ, ನಿಮ್ಮ ಆಸಕ್ತಿ ಕುಂದಿದಂತಿದೆ.’
ಕೆಳಗೆ ನನ್ನ ಸಹಿ.
ಅದನ್ನು ಬರೆದವಳೂ ನಾನೇ, ಜನವರಿಯಲ್ಲಿ,
ಎದುರಿಗೆ ಯಾರ ಹೆಸರೂ ಇಲ್ಲದಾಗ.

ಇಪ್ಪತ್ತನೆಯ ದಿನ, ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ
ಬಂತು. ಫೈಲಲ್ಲ, ಧ್ವನಿ. ಹಿಂದೆ ಎಂಜಿನ್ನು, ಗಾಳಿ.
‘ಪ್ರೊಫೆ, ದೋಣಿಯಲ್ಲಿ ಸಿಗ್ನಲ್ ಸಿಗೋಲ್ಲ.
ಸತ್ತ ಮೀನು ಎತ್ತೋದು ನನ್ನ ಕೆಲಸ.
ನಿನ್ನೆ ಎಂಟು ಪಂಜರ ಎಣಿಸಿದೆ. ಸರಾಸರಿ ನಲವತ್ತೊಂದು.
ಮಧ್ಯಾಂಕ ಹದಿನೆಂಟೇ.
ಐದನೇ ಪಂಜರದಲ್ಲೊಂದರಲ್ಲೇ ಇನ್ನೂರ ಆರು, ಅದಕ್ಕೆ.
ಮೇಸ್ತ್ರಿಗೆ ಯಾವುದು ಹೇಳಲಿ?’

ಮೌಲ್ಯಮಾಪನದ ಕೋಷ್ಟಕ ತೆರೆದು ಕುಳಿತೆ.
ಮುಖಪುಟಕ್ಕೆ ಎರಡು. ಉಲ್ಲೇಖಗಳಿಗೆ ಐದು.
ತಡವಾದರೆ ದಿನಕ್ಕೊಂದು ಕಡಿತ.
ಕೂಡಿ ಕಳೆದರೆ ಅವನು ಸೊನ್ನೆಗಿಂತ ಕೆಳಗೆ.
ಹಾಲು ಅಳೆಯಲು ಗಜಕಡ್ಡಿ ಹಿಡಿದು ನಿಂತಿದ್ದೆ ನಾನು,
ಕಡ್ಡಿಯ ಗೆರೆಗಳನ್ನೂ ನಾನೇ ಕೊರೆದಿದ್ದೆ.

ಎರಡೂ ಹೇಳು ಎಂದು ಬರೆದೆ,
ಐದನೆಯದನ್ನು ಬೇರೆಯೇ ಹೇಳು, ಮೊದಲು ಹೇಳು.
ಆಮೇಲೆ ಗಡುವಿನ ಜಾಗದಲ್ಲಿದ್ದ
‘ಭಾನುವಾರ ರಾತ್ರಿ ಹನ್ನೊಂದು ಐವತ್ತೊಂಬತ್ತು’ ಅಳಿಸಿ
‘ದೋಣಿ ದಡ ಮುಟ್ಟಿದ ಮೂರನೆಯ ದಿನ’ ಎಂದು ತುಂಬಿದೆ.
ತಂತ್ರಾಂಶ ಒಪ್ಪಲಿಲ್ಲ. ಅಂಕಿಯೇ ಬೇಕಂತೆ.
ಕೊಟ್ಟೆ: ಜುಲೈ ಹತ್ತು, ಎಲ್ಲರಿಗೂ, ಎಲ್ಲದಕ್ಕೂ.

ಜುಲೈ ಕೊನೆಗೆ ಅವರು ನನಗೆ ಅಂಕ ಹಾಕಿದರು.
ಹದಿಮೂರು ಮಂದಿ.
ಸ್ಪಷ್ಟತೆ ನಾಲ್ಕು. ಶಿಸ್ತು ಎರಡೂವರೆ.
ವಿಭಾಗದ ಡಾನ್ ಗುಮೆರ್ಸಿಂಡೊ
ಸರಾಸರಿಗೆ ಕೆಂಪು ಸುತ್ತು ಹಾಕಿ ಕಳಿಸಿದರು.
ಮಧ್ಯಾಂಕ ಎಷ್ಟು ಅಂತ ಕೇಳಿದೆ. ಉತ್ತರವಿಲ್ಲ.

ಟಿಪ್ಪಣಿಯ ಜಾಗದಲ್ಲಿ, ಹೆಸರಿಲ್ಲದೆ, ಒಂದೇ ಸಾಲು:
‘ವಿಚಲನೆ ಪಾಠದ ಆ ಕೋಳಿ ಈಗ ಹೇಗಿದೆ?’

ಮೊಟ್ಟೆ ಇಡುತ್ತಿದೆ, ಮಗು.
ಒಂದು ದಿನ ಬಿಟ್ಟು ಒಂದು ದಿನ.
ಆ ಪುಟದಲ್ಲಿ ಉತ್ತರಿಸಲು ಗುಂಡಿಯಿಲ್ಲ.