ಎರಡು ಬೆರಳು ಅರಿವಿ

ಮೊದಲು ಆಕಿಗೆ ಮೈ ಇರಲಿಲ್ಲ.
ಆಮ್ಯಾಲೆ ಬಂತು, ಬೂದಿ ಬಣ್ಣದ್ದು.
ಎರಡೂ ಕೈ ಚಾಚಿಕೊಂಡು
ಬೆದರುಗೊಂಬಿ ನಿಂತಂಗ ಪರದೆ ನಡುವ ನಿಂತಳು.
ಕೂದಲಿಲ್ಲ, ಹುಬ್ಬಿಲ್ಲ, ಹೊಕ್ಕಳಿಲ್ಲ.
ಆರ್ಡರ್ ಮಾತ್ರ ಇತ್ತು:
ಇಳಕಲ್ಲ ಸೀರಿ ಒಂದು, ಖಣದ ಕುಬಸ ಒಂದು,
ಶುಕ್ರವಾರ ರಾತ್ರಿ ಕುಣಿಯಾಕ ಬೇಕು.

ಅಪ್ಪ ಹಿಂದ ಬಂದು ನಿಂತ.
ಹಾತಲಗೇರಿ ನಾಕಾದಾಗ ಮೂವತ್ತೊಂಬತ್ತು ವರ್ಷ
ಕುಬಸ ಹೊಲಿದ ಪಂಢರಿ ಸಿಂಪಿ,
ಕೊರಳಾಗ ಟೇಪು, ಕಿವಿ ಸಂದ್ಯಾಗ ಪೆನ್ಸಿಲ್ಲು.
‘ಅಳತಿ ಯಾರು ಕೊಟ್ರು?’
‘ಆಕೀನ ಕೊಟ್ಟಾಳ. ನಡ ಹದಿನೆಂಟಿಂಚು.’
ಅಪ್ಪ ಟೇಪು ತಗದು
ಹದಿನೆಂಟಕ್ಕ ಉಂಗುರ ಮಾಡಿ ಹಿಡಿದು ನೋಡಿದ.
‘ಇಷ್ಟರಾಗ ಉಸಿರು ಎಲ್ಲಿ ಆಡಬೇಕವಾ?’

ಸೀರಿ ಉಡಸಾಕ ನಾಕು ದಿನ ಹಿಡೀತು.
ಆಕಿ ಕುಂತರ ನೀರಿಗಿ ತೊಡಿಯೊಳಗ ಹಾದು
ಕುರ್ಚಿ ಕೆಳಗ ಹೊಂಡತಾವ.
ಅರಿವಿ ಭಾರ ಎಷ್ಟು, ಗಾಳಿ ಎಷ್ಟು,
ಎಲ್ಲಾದಕ್ಕೂ ಒಂದೊಂದು ಅಂಕಿ ತುಂಬಬೇಕು.
ಗಾಳಿಗೆ ಮೂರು ಅಂತ ಬರದೆ,
ಕರೆಂಟ್ ಹೋತು.
ಕಪ್ಪತಗುಡ್ಡದ ಮ್ಯಾಲೆ ಸಾಲಕ್ಕ ಗಾಳಿ ಫ್ಯಾನು
ಗರಗರ ತಿರಗತಿದ್ವು, ಯಾವ ಊರಿಗೋ.
ನಮ್ಮ ಓಣ್ಯಾಗ ಅಪ್ಪನ ಕಾಲಮಷಿನ್ ಒಂದ ಸಪ್ಪಳ.

ಟೋಪಿ ತೆನಿ ಸೆರಗು ಕೂಡೂ ಜಾಗಾ
ಎಳಿಗೆ ಎಳಿ ಸಿಕ್ಕಿಸಿ ಬಿಡಿಸಿದ್ದೆ.
‘ಉಲ್ಟಾ ಬಾಜು ತೋರಸು’ ಅಂದ ಅಪ್ಪ.
ಮೂಷಕದಲೆ ತಿರುವಿದೆ.
ಅಲ್ಲಿ ಸೆರಗs ಇರಲಿಲ್ಲ.
ಮುಂದಿಂದ ನೋಡಿದರ ಕೆಂಪು ದಡಿ, ಗೋಮಿ, ಪರಾಸಪೇಟಿ.
ಹಿಂದಿಂದ ನೋಡಿದರ
ಸೀದಾ ಆಚಿಕಡಿ ಗ್ವಾಡಿ.
ಅಪ್ಪ ಚಸ್ಮಾ ತಗದು ಒರಸಿಕೊಂಡ,
ಮತ್ತ ಹಾಕ್ಕೊಂಡ.
ಅರಿವಿಗೆ ಬೆನ್ನು ಇಲ್ಲಂದ್ರ ಅದು ಅರಿವಿ ಏನು,
ಹಂಗ ಏನೋ ಗೊಣಗಿದ.

ರಾತ್ರಿ ಉಣ್ಣಕ ಕುಂತಾಗ
ರೊಟ್ಟಿ ಮುರಕೋತ ತಾನs ಸುರು ಮಾಡಿದ:
‘ಬಗಲಾಗ ಎರಡೆರಡು ಬೆರಳು ಅರಿವಿ ಬಿಟ್ಟೀಯೇನು?’
‘ಬ್ಯಾಡಪಾ. ಇವರು ದಪ್ಪ ಆಗೂದಿಲ್ಲ.’
‘ಬಸರಿ?’
‘ಇಲ್ಲ.’
‘ಜಡ್ಡಿನಾಗ ಬಿದ್ದು ಎದ್ದು, ಮೈ ಬಾತು?’
‘ಇಲ್ಲ.’
‘ಹಂಗಾರ ಗಿರಾಕಿ ತಿರುಗಿ ಬರೂದಿಲ್ಲ’ ಅಂದ,
ನುಚ್ಚಿಗೆ ಮಜ್ಜಿಗಿ ಹಾಕ್ಕೊಂಡ.

ನನಗ ಗೊತ್ತು, ಅಂಗಡ್ಯಾಗ ಬೆಳದಾಕಿ ನಾನು.
ಮದುವಿ ಕುಬಸ ಹಿಡಕೊಂಡು ಬರತಾರ
ಮೂರನೇ ಕೂಸಿನ ಬಾಣಂತನ ಮುಗಿಸಿ,
ಮುದ್ದಾಂ ಆ ಕುಬಸs ಬೇಕು ಅವರಿಗೆ.
ಅಪ್ಪ ಒಳಹೊಲಿಗಿ ಬಿಚ್ಚತಾನ.
ಹೊರಗ ಮಾಸಿದ ಖಣ,
ಮಡಿಕ್ಯಾಗ ಮಾತ್ರ ನಿನ್ನೆ ಕೊಂಡಂಥ ಬಣ್ಣ.
ಹದಿಮೂರು ವರ್ಷ ಕಾದಿರತೈತಿ ಆ ಪಟ್ಟಿ,
ಇನ್ನೂ ಬರದ ಮೈಯಿ ಸಲವಾಗಿ.

ರಾತ್ರಿ ಎದ್ದು ಕುಂತೆ.
ಎಡಬಗಲಿಗೆ ಎರಡು ಬೆರಳು, ಬಲಬಗಲಿಗೆ ಎರಡು.
ಫೈಲ್ ಭಾರಾತು, ಪ್ಯಾಟಿ ಒಪ್ಪಲಿಲ್ಲ:
ಕಾಣದ ಮೂಲಿ ಕಡಿಮಿ ಮಾಡಿ ಅಂತ ಬಂತು.
ಬಳಿ ಗುಂಡಗಿದ್ವು,
ಎಂಟು ಮೂಲಿ ಮಾಡಿಬಿಟ್ಟೆ.
ಕುಣಿಯುವಾಗ ಯಾರು ಎಣಸತಾರ?

ಶುಕ್ರವಾರ ಹೋತು. ರೊಕ್ಕ ಬಂತು,
ಅಪ್ಪನ ಎರಡು ಕುಬಸದ ಕೂಲಿಯಷ್ಟು.
ಆಕಿ ಯಾರೋ, ಯಾವ ಊರೋ,
ಹೆಣ್ಣೋ ಗಂಡೋ, ಕೇಳೂ ರೂಢಿ ಇಲ್ಲ.

ಮಾಗಿ ಥಂಡಿ ಸುರು ಆದಾಗ ಎರಡು ಸಾಲು ಬಂದ್ವು:
‘ಕುಬಸದ ಒಳಗ ಒಂದು ಮಡಿಕಿ ಕಂಡಿತು.
ಬಿಚ್ಚಾಕ ಬರತೈತೇನು?’

ಮೈನs ಬ್ಯಾರೆ ಮಾಡಬೇಕು ಅದಕ್ಕ,
ಮೊದಲಿಂದ, ಬೂದಿ ಬಣ್ಣದಿಂದ.
ಹೆಂಗ ಅಂತ ನನಗ ಇನ್ನೂ ತಿಳಿದಿಲ್ಲ.
ಬಾಗಲಕ್ಕ ಹೋಗಿ ಒದರಿದೆ,
ಮಷಿನ್ ಸಪ್ಪಳದಾಗ ಕೇಳಲಿ ಅಂತ ಜೋರಲೆ:

‘ಅಪಾ, ಒಬ್ಬಾಕಿ ತಿರುಗಿ ಬಂದಾಳ.’