ಮೂಳೆ ಬಿಡಿಸಿದ ಮೇಲೆ

ಭಾನುವಾರ ರಾತ್ರಿ ಎವರಿಸ್ಟೊ ಫೋನು ಮಾಡುತ್ತಾನೆ ಸ್ಯಾನ್ ಹೊಸೆಯಿಂದ.
ಅಲ್ಲಿ ಏಳೂವರೆ, ಇಲ್ಲಿ ವಿಚಿಟಾದಲ್ಲಿ ಒಂಬತ್ತೂವರೆ.
ಮೊದಲು ಅಮ್ಮನ ಮಂಡಿ, ಆಮೇಲೆ ನಮ್ಮಿಬ್ಬರ ಮಣಿಕಟ್ಟು,
ಕೊನೆಗೆ, ಅಷ್ಟು ಹೊತ್ತೂ ನಾಲಿಗೆಯ ಅಡಿ ಇಟ್ಟುಕೊಂಡ ಮಾತು:
"ಗಂಟೆಗೆ ಇಪ್ಪತ್ತೊಂಬತ್ತು ಮಾಡಿದರು ಕಣೇ ಡೆಲ್ಫಿನಾ."

ನನ್ನದು ಹದಿನೆಂಟೂವರೆ.
ಸಂತೋಷ ಅಂದೆ. ಸಂತೋಷವೇ.
ಆದರೂ ಆ ರಾತ್ರಿ ದಿಂಬು ಮೂರು ಸಲ ಮಗುಚಿದೆ.

ಫ್ರೆಸ್ನಿಯೊದಲ್ಲಿ ಒಬ್ಬನೇ ಸೋದರಮಾವನ ಕೈಕೆಳಗೆ
ಚೂರಿ ಹಿಡಿದವರು ನಾವು. ಕ್ಲಿಮಾಕೊ ಮಾವ
ಹೊಡೆಯುತ್ತಿರಲಿಲ್ಲ, ಮೂಗಿನಲ್ಲಿ ನಗುತ್ತಿದ್ದ, ಅದೇ ಸಾಕು.
"ಕೀಲು ಹುಡುಕು, ಮೂಳೆಯ ಜೊತೆ ಜಗಳ ಬೇಡ."
ದನದ ಹೆಗಲಿನ ಕೀಲು ಅಲ್ಲೂ ಅಲ್ಲೇ, ಇಲ್ಲೂ ಅಲ್ಲೇ.
ನನ್ನ ಕೈ ಅವನಿಗಿಂತ ಚುರುಕು; ಅವನೇ ಒಪ್ಪುತ್ತಾನೆ.
ಮತ್ತೆ ಈ ಹತ್ತೂವರೆ ಡಾಲರು
ಯಾವ ಮಾಂಸದ ಮೇಲಿನ ಕೊಬ್ಬು?

ಮುಂದಿನ ವಾರ ಕೇಳಿಯೇಬಿಟ್ಟೆ.
ಕೊಕ್ಕೆಯ ತೂಕ ಹೇಳಬೇಡ, ಬಿಡಿಸಿ ಹೇಳು ಅಂದೆ,
ಮಾವನೂ ಗಿರಾಕಿಗೆ ಹಾಗೇ ಹೇಳುತ್ತಿದ್ದ:
ತೂಗುವ ದನವನ್ನು ನೋಡಿ ಹಬ್ಬಕ್ಕೆ ಜನ ಕರೆಯಬೇಡ.

ಪೇಪರು ತಂದೆವು, ಅವನಲ್ಲಿ, ನಾನಿಲ್ಲಿ,
ಮಾಂಸ ಸುತ್ತುವ ಗುಲಾಬಿ ಕಾಗದ.
ವಾರಕ್ಕೆ ಅವನದು ಸಾವಿರದ ನೂರ ಅರವತ್ತು.
ತೆರಿಗೆ ಚರ್ಮ ಸುಲಿಯಿತು: ಒಂಬೈನೂರ ಮೂವತ್ತು.
ಬಾಡಿಗೆ ನಾನೂರ ನಲವತ್ತು, ಅದೂ ಮನೆಯಲ್ಲ, ಗ್ಯಾರೇಜು;
ಒಡತಿಯ ಬಟ್ಟೆ ಒಗೆಯುವ ಯಂತ್ರ
ಅವನ ತಲೆಯ ಪಕ್ಕದಲ್ಲೇ ಗಡಗಡ ತಿರುಗುತ್ತದೆ.
ಅನ್ನ, ಬಸ್ಸು, ಇನ್ನೂರ ಹತ್ತು.
ಉಳಿದದ್ದು ಇನ್ನೂರ ಎಂಬತ್ತು.

ನನ್ನದು ಏಳುನೂರ ನಲವತ್ತರಿಂದ ಶುರು.
ಸುಲಿದ ಮೇಲೆ ಆರುನೂರ ಇಪ್ಪತ್ತೈದು.
ಎರಡು ಕೋಣೆಯ ಮನೆಗೆ ನೂರ ತೊಂಬತ್ತೈದು,
ಹಿತ್ತಲಲ್ಲಿ ಮೆಣಸಿನ ಗಿಡ ಬೇರೆ, ಅದಕ್ಕೆ ಲೆಕ್ಕವಿಲ್ಲ.
ಊಟಕ್ಕೆ ತೊಂಬತ್ತೈದು. ಕಾರಿಗೆ ನೂರ ಹತ್ತು,
ಇಲ್ಲಿ ಬಸ್ಸು ಕಾಯುವುದೆಂದರೆ ಮಳೆ ಕಾದಂತೆ.
ಇನ್ನೂರ ಇಪ್ಪತ್ತೈದು.

ನಾನೂರ ಇಪ್ಪತ್ತರ ಅಂತರ
ಐವತ್ತೈದಕ್ಕೆ ಇಳಿದು ಹಲಗೆಯ ಮೇಲೆ ಬಿದ್ದಿತ್ತು.
ಇಬ್ಬರೂ ಸುಮ್ಮನಾದೆವು. ಆ ಕಡೆ ಯಂತ್ರ ತಿರುಗುತ್ತಿತ್ತು.

"ಇಲ್ಲಿಗೆ ಬಾ," ಅಂದೆ, "ಒಂದು ಕೋಣೆ ಖಾಲಿ ಇದೆ."
"ನೀನೇ ಬಾ," ಅಂದ, "ಕೌಂಟರಿನಲ್ಲಿ ಒಂದು ಜಾಗ ಇದೆ."
ದೂರದ ಬೆಟ್ಟ ನುಣ್ಣಗೆ ಅನ್ನೋಣವೆಂದರೆ
ಇಲ್ಲಿ ಬೆಟ್ಟವೇ ಇಲ್ಲ, ಕಣ್ಣು ಸೋಲುವವರೆಗೆ ಗೋದಿ.
ಅವನಿಗೆ ಅಲ್ಲೊಬ್ಬಳು ಗಿರಾಕಿ, ವಿಯೆಟ್ನಾಮಿನ ಮುದುಕಿ,
ಅವನು ಕತ್ತರಿಸದಿದ್ದರೆ ಕೊಳ್ಳುವುದಿಲ್ಲವಂತೆ.
ಇದನ್ನು ಯಾವ ಸಾಲಿನಲ್ಲಿ ಬರೆಯೋಣ?

ನಮ್ಮ ಅಂಗಡಿಗೆ ವರ್ಷಕ್ಕೊಮ್ಮೆ ಒಬ್ಬ ಬರುತ್ತಾನೆ,
ಹಿತ್ತಾಳೆಯ ಬಟ್ಟುಗಳ ಪೆಟ್ಟಿಗೆ ಹೊತ್ತು.
ತಕ್ಕಡಿಯ ಮೇಲೆ ಒಂದೊಂದೇ ಇಟ್ಟು, ಬಗ್ಗಿ ನೋಡಿ,
ಸರಿಯಿದ್ದರೆ ನೀಲಿ ಚೀಟಿ ಅಂಟಿಸುತ್ತಾನೆ.
ಒಮ್ಮೆ ಅವನ ಮುಂದೆ ಒಂದು ಡಾಲರು ಇಟ್ಟು ಕೇಳಿದ್ದೆ,
ಇದನ್ನೂ ನೋಡುತ್ತೀಯಾ?
ನಕ್ಕು, ಟೋಪಿ ಸರಿಮಾಡಿಕೊಂಡು ಹೋದ.

"ಇವತ್ತು ಏನು ಅಡುಗೆ?" ಎವರಿಸ್ಟೊ ಕೇಳಿದ.
ಬಾಲದ ಸಾರು ಅಂದೆ.
ಮಾವ ಬಾಲಕ್ಕೆ ಕಾಸು ಕೇಳುತ್ತಿರಲಿಲ್ಲ,
ಮೂಳೆಯ ಜೊತೆ ಸುತ್ತಿ ಮಕ್ಕಳ ಕೈಗೆ ಕೊಟ್ಟುಬಿಡುತ್ತಿದ್ದ.
ಈಗ ಸ್ಯಾನ್ ಹೊಸೆಯಲ್ಲಿ ಪೌಂಡಿಗೆ ಹದಿಮೂರು;
ದಿನಕ್ಕೆ ನಲವತ್ತು ಬಾಲ ಸೀಳುವವನು
ಚಳಿಗಾಲದಿಂದ ಒಂದೂ ತಿಂದಿಲ್ಲ.

"ನಿನಗೆ ಎಷ್ಟಕ್ಕೆ ಸಿಕ್ಕಿತು?"

ಹದಿನೆಂಟು ವರ್ಷದಲ್ಲಿ ಒಮ್ಮೆಯೂ
ತಕ್ಕಡಿಗೆ ಹೆಬ್ಬೆರಳು ತಾಗಿಸಿದವಳಲ್ಲ ನಾನು.
ಕೊಟ್ಟದ್ದು ಏಳು.
ಹನ್ನೊಂದು ಅಂದೆ.